ಸನ್ನಿ, ಹೊರೆಗಲ್ಲು ಮತ್ತು ಹಸಿರು ಬಳೆ: ಬಸುರಿ-ಬಾಣಂತಿಯರ ಹಠಾತ್ ಸಾವಿನ ಮೌಖಿಕ ಚರಿತ್ರೆ

1

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಕನ್ನಡ ನಾಡಿನ ಎಲ್ಲ ಭಾಗಗಳಲ್ಲೂ ಕೇಳಿಬರುತ್ತದೆ. ಸಾಮಾನ್ಯವಾಗಿ ಇದನ್ನು ತಾಯ್ತನದ ಹಿರಿಮೆಯನ್ನು ಸಾರುವ ಮಾತೆಂದು ಅರ್ಥೈಸಲಾಗುತ್ತದೆ. ಆದರೆ ಮರುಹುಟ್ಟು ಎಂಬ ಪದದೊಳಗೆ ಸಾವಿನ ಲೆಕ್ಕವೂ ಅಡಗಿದೆ. ಮರಳಿ ಹುಟ್ಟಿದವರ ಜೊತೆಗೆ ಮರಳಿ ಹುಟ್ಟದೆ ಹೋದವರೂ ಇದ್ದರೆಂಬ ಅನುಭವದಿಂದಲೇ ಈ ಮಾತು ಮೂಡಿರಬೇಕು. 1946ರಲ್ಲಿ ಸಲ್ಲಿಕೆಯಾದ ಭೋರ್ ಸಮಿತಿಯ ವರದಿಯು ಅಂದಿನ ಭಾರತದಲ್ಲಿ ಪ್ರತಿ 1000 ಸಜೀವ ಜನನಗಳಿಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರೆಂದೂ ವರ್ಷಕ್ಕೆ ಸುಮಾರು 2,00,000 ಹೆಣ್ಣುಮಕ್ಕಳು ಬಸಿರು-ಹೆರಿಗೆಯ ಕಾರಣದಿಂದ ತೀರಿಕೊಳ್ಳುತ್ತಿದ್ದರೆಂದೂ ಅಂದಾಜು ಮಾಡಿತ್ತು. ಯಾವ ಯುದ್ಧದ ಸಾವುನೋವಿಗೂ ಕಡಿಮೆಯಲ್ಲದ ಸಂಖ್ಯೆಯಿದು. ಯುದ್ಧದಲ್ಲಿ ಮಡಿದವನಿಗೆ ವೀರಗಲ್ಲು ನಿಂತಿತು, ಗಂಡನೊಡನೆ ಚಿತೆಯೇರಿದವಳಿಗೆ ಮಾಸ್ತಿಕಲ್ಲು ನಿಂತಿತು. ಹೆರಿಗೆಯ ಕೋಣೆಯಲ್ಲಿ ಸತ್ತವಳ ಹೆಸರು ಮಾತ್ರ ಶಾಸನಗಳಲ್ಲಿ ಕಾಣುವುದು ದುರ್ಲಭ.

ಆದ್ದರಿಂದ ಈ ಸಾವುಗಳ ಚರಿತ್ರೆಯನ್ನು ಬರೆಯಹೊರಟವರು ಮೌಖಿಕ ಪರಂಪರೆಯನ್ನೇ ಆಶ್ರಯಿಸಬೇಕಾಗುತ್ತದೆ. ನಂಬಿಕೆ, ನಿಷೇಧ, ಅಂತ್ಯಸಂಸ್ಕಾರದ ವಿಧಿ, ಐತಿಹ್ಯ, ಪಾಡ್ದನ ಹಾಗೂ ಮನೆಮನೆಯ ಹಿರಿಯ ಹೆಂಗಸರ ನೆನಪು ಇದರ ಆಕರಗಳು. ಈ ಆಕರಗಳಲ್ಲಿ ಹಠಾತ್ ಸಾವು ಹೇಗೆ ದಾಖಲಾಗಿದೆ, ಅದನ್ನು ಜಾನಪದ ವಿದ್ವಾಂಸರಾದ ನಾವು ಹೇಗೆ ಓದಿದ್ದೇವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2

ಮೊದಲಿಗೆ ಪದಗಳನ್ನು ಗಮನಿಸಬಹುದು. ಬಸುರಿ-ಬಾಣಂತಿಯರ ಅಕಾಲಿಕ ಸಾವಿಗೆ ನಮ್ಮ ಹಳ್ಳಿಗಳಲ್ಲಿ ಮುಖ್ಯವಾಗಿ ಮೂರು ಬಗೆಯ ವಿವರಣೆಗಳು ದೊರೆಯುತ್ತವೆ. ಒಂದು, ಸನ್ನಿ ಬಡಿಯಿತು. ಎರಡು, ನಂಜೇರಿತು. ಮೂರು, ಕಸ ಬೀಳಲಿಲ್ಲ.

ಸನ್ನಿ ಎಂಬುದು ಆಯುರ್ವೇದದ ಸನ್ನಿಪಾತದಿಂದ ಬಂದ ಪದ. ಮೂರೂ ದೋಷಗಳು ಒಟ್ಟಿಗೆ ಕೆರಳಿದ ಸ್ಥಿತಿಯೆಂದು ಅದರ ಶಾಸ್ತ್ರಾರ್ಥ. ಜನಬಳಕೆಯಲ್ಲಿ ಅದು ಬೇರೆ ಬೇರೆ ಕಾಯಿಲೆಗಳಿಗೆ ಸಲ್ಲುವ ಒಂದೇ ಹೆಸರಾಯಿತು. ಬಸುರಿಗೆ ಕೈಕಾಲು ಸೆಟೆದು ಮೂರ್ಛೆ ಬಂದರೂ ಸನ್ನಿ, ಬಾಣಂತಿ ಜ್ವರದಲ್ಲಿ ಬಡಬಡಿಸಿದರೂ ಸನ್ನಿ, ಹೆತ್ತ ಮಗುವನ್ನೇ ಗುರುತಿಸದೆ ಶೂನ್ಯದೃಷ್ಟಿಯಿಂದ ಕುಳಿತರೂ ಸನ್ನಿ. ಇಂದಿನ ವೈದ್ಯಶಾಸ್ತ್ರ ಇವುಗಳಲ್ಲಿ ಮೊದಲನೆಯದನ್ನು ಎಕ್ಲಾಂಪ್ಸಿಯಾ ಎಂದೂ ಎರಡನೆಯದನ್ನು ಹೆರಿಗೆಯ ಸೋಂಕೆಂದೂ ಮೂರನೆಯದನ್ನು ಪ್ರಸವಾನಂತರದ ಮನೋವಿಕಲತೆಯೆಂದೂ ಬೇರ್ಪಡಿಸುತ್ತದೆ. ನಂಜು ಎಂಬ ಪದ ಸೋಂಕಿನ ಅನುಭವಕ್ಕೆ ಹೆಚ್ಚು ಹತ್ತಿರವಾಗಿದೆ. ಕಸ ಬೀಳಲಿಲ್ಲ ಎಂಬುದಂತೂ ನೇರವಾದ ದೇಹಜ್ಞಾನ. ಕಸ ಅಥವಾ ಮಾಸು ಒಳಗೇ ಉಳಿದರೆ ರಕ್ತ ನಿಲ್ಲುವುದಿಲ್ಲ ಎಂಬುದನ್ನು ಸೂಲಗಿತ್ತಿಯರು ಯಾವ ಗ್ರಂಥದ ನೆರವೂ ಇಲ್ಲದೆ ಬಲ್ಲವರಾಗಿದ್ದರು.

ತಾಯಂದಿರ ಸಾವಿಗೆ ವಿಶ್ವ ಆರೋಗ್ಯ ಸಂಸ್ಥೆಯು ಗುರುತಿಸುವ ಪ್ರಧಾನ ಕಾರಣಗಳಲ್ಲಿ ರಕ್ತಸ್ರಾವ, ರಕ್ತದೊತ್ತಡದ ವಿಕಾರಗಳು ಹಾಗೂ ಸೋಂಕು ಸೇರಿವೆ. ನಮ್ಮ ಮೂರು ಜನಪದ ಹೆಸರುಗಳು ಇದೇ ಮೂರು ಕಾರಣಗಳ ಸುತ್ತ ಹೆಣೆದುಕೊಂಡಿರುವುದು ಗಮನಾರ್ಹ. ಜನಪದರು ಸಾವನ್ನು ಸರಿಯಾಗಿಯೇ ನೋಡಿದ್ದರು. ಆದರೆ ಕಂಡದ್ದನ್ನು ಹೆಸರಿಸಿದ ಕ್ಷಣದಲ್ಲಿಯೇ ಅದಕ್ಕೆ ಶರಣಾಗುವುದೂ ನಡೆದುಹೋಯಿತು. ಸನ್ನಿ ಬಡಿಯಿತು ಎಂಬ ವಾಕ್ಯದಲ್ಲಿ ಬಡಿಯುವುದು ಹೊರಗಿನಿಂದ ಬಂದ ಶಕ್ತಿ. ಹಾಗೆ ಬರುವುದಕ್ಕೆ ಮುಂಚೆ ಒಳಗೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಆ ವಾಕ್ಯದಲ್ಲಿ ಎಡೆಯಿಲ್ಲ.

3

ಸತ್ತ ಮೇಲಿನ ವಿಧಿಗಳು ಇನ್ನಷ್ಟು ಮಾತನಾಡುತ್ತವೆ. ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1928ರಿಂದ 1935ರ ಅವಧಿಯಲ್ಲಿ ಪ್ರಕಟಿಸಿದ ಮೈಸೂರಿನ ಬುಡಕಟ್ಟುಗಳು ಮತ್ತು ಜಾತಿಗಳನ್ನು ಕುರಿತ ಸಂಪುಟಗಳನ್ನು ಓದುವವರಿಗೆ ಒಂದು ವಿವರ ಮತ್ತೆ ಮತ್ತೆ ಎದುರಾಗುತ್ತದೆ. ಶವವನ್ನು ಹೂಳುವ ಪದ್ಧತಿಯಿದ್ದ ಸಮುದಾಯಗಳಲ್ಲಿಯೂ ಬಸುರಿಯಾಗಿ ಸತ್ತವಳನ್ನು ಹೂಳದೆ ಸುಡುವ ರೂಢಿಯಿತ್ತು. ಕುಷ್ಠರೋಗಿಗಳಿಗೂ ಇದೇ ನಿಯಮ ಅನ್ವಯವಾಗುತ್ತಿತ್ತು. ಬಸುರಿಯ ಶವದಿಂದ ಗರ್ಭವನ್ನು ಬೇರ್ಪಡಿಸಿ ಸಂಸ್ಕಾರ ನಡೆಸುವ ಪದ್ಧತಿಯನ್ನು ಎಡ್ಗರ್ ಥರ್ಸ್ಟನ್ 1906ರ ತನ್ನ ದಕ್ಷಿಣ ಭಾರತದ ಜನಾಂಗೀಯ ಟಿಪ್ಪಣಿಗಳಲ್ಲಿ ದಾಖಲಿಸಿದ್ದಾನೆ. ಮಣ್ಣಿಗೆ ಸೇರಿಸಿದರೆ ಮಣ್ಣು ಬಂಜೆಯಾದೀತು, ಮಳೆ ಹೋದೀತು, ಸತ್ತವಳು ಮರಳಿ ಬಂದಾಳು ಎಂಬ ಅಂಜಿಕೆ ಇಂತಹ ವಿಧಿಗಳ ಹಿಂದೆ ಕೆಲಸಮಾಡಿರುವಂತೆ ತೋರುತ್ತದೆ.

ಮರಳಿ ಬರುವವಳ ಕಲ್ಪನೆ ನಮ್ಮ ನಾಡಿಗೆ ಸೀಮಿತವಾದುದಲ್ಲ. ಉತ್ತರ ಭಾರತದ ಚುಡೈಲ್, ಮರಾಠಿ ಸೀಮೆಯ ಅಳವಂತೀಣ, ಮಲಯ ದ್ವೀಪಗಳ ಪೊಂತಿಯಾನಕ್ ಇವೆಲ್ಲ ಬಸಿರಿನಲ್ಲೋ ಹೆರಿಗೆಯಲ್ಲೋ ಸತ್ತ ಹೆಣ್ಣಿನ ಪ್ರೇತರೂಪಗಳು. ಬಾಣಂತಿಯ ತಲೆದೆಸೆಯಲ್ಲಿ ಕಬ್ಬಿಣದ ಚೂರು ಇಡುವುದು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು, ಮುಚ್ಚಂಜೆಯಲ್ಲಿ ಹೊರಗೆ ಬಿಡದಿರುವುದು, ಲೋಬಾನದ ಹೊಗೆ ಹಾಕುವುದು ಮುಂತಾದ ಕಾವಲುಗಳು ಅಂಥವಳಿಂದ ಹೊಸ ಬಾಣಂತಿಯನ್ನು ಕಾಯುವುದಕ್ಕಾಗಿ. ಈ ಕಾವಲು ಬಿಗಿಯಾಗಿರುತ್ತಿದ್ದ ಪುರುಡಿನ ಹತ್ತು ಹನ್ನೊಂದು ದಿನಗಳು ಹೆರಿಗೆಯ ಸೋಂಕು ಸಾಮಾನ್ಯವಾಗಿ ತಲೆದೋರುವ ದಿನಗಳೇ ಆಗಿದ್ದವು. ಅಪಾಯದ ಕಾಲವನ್ನು ಸಮುದಾಯ ತಿಳಿದಿತ್ತು. ಅಪಾಯ ಬರುವ ದಾರಿಯನ್ನು ಮಾತ್ರ ತಪ್ಪಾಗಿ ಊಹಿಸಿತ್ತು. ಬಾಗಿಲು ಕಾಯ್ದರು, ಹೊಕ್ಕುಳಬಳ್ಳಿ ಕೊಯ್ಯುವ ಕುಡುಗೋಲನ್ನು ಕುದಿಸಲಿಲ್ಲ.

ಇಲ್ಲಿ ಒಂದು ವೈಪರೀತ್ಯವಿದೆ. ಬದುಕಿದ್ದಾಗ ಯಾರಿಗೂ ಕಾಣಿಸದ ಅವಳ ಸಂಕಟ ಸತ್ತ ಮೇಲೆ ಊರಿಗೆಲ್ಲ ಕಾಣಿಸಿಕೊಂಡಿತು. ಬಾಯಾರಿದವಳು, ಹಸಿದವಳು, ಮಗುವನ್ನು ಹುಡುಕುವವಳು ಎಂದು ಪ್ರೇತವನ್ನು ವರ್ಣಿಸುವಾಗ ಜನಪದ ಕಲ್ಪನೆಯು ಬಾಣಂತಿಯ ವಾಸ್ತವ ಸ್ಥಿತಿಯನ್ನೇ ವರ್ಣಿಸುತ್ತಿತ್ತು. ನೀರು ಕುಡಿದರೆ ಸನ್ನಿಯಾದೀತೆಂದು ಬಾಣಂತಿಗೆ ನೀರನ್ನು ಅಳೆದು ಕೊಡುತ್ತಿದ್ದ ಮನೆಗಳಲ್ಲಿಯೇ ನೀರು ಬೇಡುವ ಪ್ರೇತದ ಕಥೆಗಳೂ ಹುಟ್ಟಿದವು.

ಭಯದ ಜೊತೆಗೆ ಕರುಣೆಯೂ ಇತ್ತೆಂಬುದಕ್ಕೆ ಹೊರೆಗಲ್ಲುಗಳನ್ನು ನೋಡಬಹುದು. ಎರಡು ಕಂಬಗಳ ಮೇಲೆ ಅಡ್ಡವಾಗಿ ಒಂದು ಚಪ್ಪಡಿ. ಆಳೆತ್ತರದ ಈ ಕಲ್ಲಿನ ಮೇಲೆ ತಲೆಹೊರೆಯವರು ಯಾರ ನೆರವೂ ಇಲ್ಲದೆ ಹೊರೆ ಇಳಿಸಿ ದಣಿವಾರಿಸಿಕೊಳ್ಳಬಹುದಾಗಿತ್ತು. ದಕ್ಷಿಣ ಕರ್ನಾಟಕದ ಹಳೆಯ ದಾರಿಗಳ ಪಕ್ಕದಲ್ಲಿ ಇಂತಹ ಕಲ್ಲುಗಳನ್ನು ಕಾಣಬಹುದು. ತಮಿಳುನಾಡಿನಲ್ಲಿ ಸುಮೈತಾಂಗಿ ಎಂದು ಕರೆಯುವ ಈ ಕಲ್ಲುಗಳನ್ನು ಹೆರಿಗೆಯಾಗದೆ ಸತ್ತ ಬಸುರಿಯ ನೆನಪಿಗಾಗಿ ನಿಲ್ಲಿಸುವ ಸಂಪ್ರದಾಯವಿತ್ತು. ತನ್ನ ಹೊರೆಯನ್ನು ಇಳಿಸಲಾರದೆ ಹೋದವಳ ಹೆಸರಿನಲ್ಲಿ ಅನ್ಯರ ಹೊರೆ ಇಳಿಯಲಿ ಎಂಬುದು ಅದರ ಆಶಯ. ವೀರಗಲ್ಲಿನಲ್ಲಿ ಶಿಲ್ಪವಿದೆ, ಬರಹವಿದೆ. ಹೊರೆಗಲ್ಲಿನಲ್ಲಿ ಹೆಚ್ಚಾಗಿ ಅವೆರಡೂ ಇಲ್ಲ, ಅದರ ಉಪಯೋಗವೇ ಅದರ ಶಾಸನ.

4

ತುಳುನಾಡಿನ ಕೋಟಿ-ಚೆನ್ನಯ ಪಾಡ್ದನ ಈ ವಿಷಯದಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ವೀರರ ತಾಯಿ ದೇಯಿ ಬೈದೆತಿ ಗಿಡಮೂಲಿಕೆಯ ಮದ್ದು ಬಲ್ಲವಳು. ಪಡುಮಲೆಯ ಪೆರುಮಳೆ ಬಲ್ಲಾಳನ ಕಾಲಿನ ಹುಣ್ಣು ಯಾರಿಂದಲೂ ವಾಸಿಯಾಗದಿದ್ದಾಗ ತುಂಬು ಬಸುರಿಯಾದ ಅವಳಿಗೆ ಬೀಡಿನಿಂದ ಕರೆ ಬರುತ್ತದೆ. ಅವಳು ಹೋಗಿ ಗುಣಪಡಿಸುತ್ತಾಳೆ, ಅವಳಿ ಮಕ್ಕಳನ್ನು ಹೆರುತ್ತಾಳೆ, ಮಕ್ಕಳು ಎಳೆಯರಿರುವಾಗಲೇ ತೀರಿಕೊಳ್ಳುತ್ತಾಳೆ. ಸಾವಿನ ಬಗೆಗೆ ಪಾಠಾಂತರಗಳಿವೆ. ತೆಂಗಿನ ಗರಿ ಮೈಮೇಲೆ ಬಿದ್ದು ಸತ್ತಳೆಂಬುದು ಪ್ರಚಲಿತ ಪಾಠಗಳಲ್ಲೊಂದು. ಮಕ್ಕಳು ಸೋದರಮಾವ ಸಾಯನ ಬೈದ್ಯನ ಆಶ್ರಯದಲ್ಲಿ ಬೆಳೆಯುತ್ತಾರೆ.

ಅರಸನ ಕಾಲಿನ ಹುಣ್ಣಿಗೆ ಊರೂರಿನ ವೈದ್ಯರನ್ನು ಕರೆಸಲಾಯಿತು. ಅವಳಿ ಮಕ್ಕಳನ್ನು ಹೊತ್ತ ವೈದ್ಯೆಯ ದೇಹವನ್ನು ನೋಡಿದ ವೈದ್ಯರ ಪ್ರಸ್ತಾಪ ಕಥನದ ಮುನ್ನೆಲೆಯಲ್ಲಿಲ್ಲ. ಅವಳಿ ಬಸಿರು ಒಂಟಿ ಬಸಿರಿಗಿಂತ ಹೆಚ್ಚು ಅಪಾಯದ್ದು ಎಂಬುದು ಇಂದಿನ ತಿಳಿವಳಿಕೆ. ಪಾಡ್ದನವನ್ನು ವೈದ್ಯಕೀಯ ದಾಖಲೆಯಂತೆ ಓದುವುದು ಸಾಧುವಲ್ಲ. ಆದರೂ ಬಾಣಂತಿಯ ಸಾವಿಗೆ ಕಾರಣವನ್ನು ಹೊರಗಿನಿಂದ, ಮೇಲಿನಿಂದ ಬಿದ್ದ ವಸ್ತುವಿನಲ್ಲಿ ಕಾಣುವ ಈ ಪಾಠವು ಸನ್ನಿ ಬಡಿಯಿತು ಎಂಬ ವಾಕ್ಯದ ಕಥನರೂಪವೆಂದು ಹೇಳಬಹುದು. ದೇಯಿ ಬೈದೆತಿ ಇಂದಿಗೂ ಪೂಜೆಗೊಳ್ಳುತ್ತಿರುವ ತಾಯಿ. ಸಮುದಾಯ ಅವಳನ್ನು ಮರೆಯಲಿಲ್ಲವೆಂಬುದು ದೊಡ್ಡ ಮಾತು.

5

ಇಲ್ಲಿ ನನ್ನದೇ ಸಂಗ್ರಹದ ಒಂದು ನಿರೂಪಣೆಯನ್ನು ಪರಿಶೀಲಿಸುವುದು ಅಗತ್ಯವೆನಿಸುತ್ತದೆ. ಸಂಶೋಧನೆಯ ಆರಂಭದ ವರ್ಷಗಳಲ್ಲಿ ನಮ್ಮ ಅಜ್ಜಿಯಿಂದ ಹಲವು ಹಾಡು-ಕಥೆಗಳನ್ನು ಬರೆದುಕೊಂಡಿದ್ದೆ. ಅವುಗಳ ನಡುವೆ ಅವರು ತಮ್ಮ ಅಕ್ಕನ ಸಾವಿನ ಸಂಗತಿಯನ್ನೂ ಹೇಳಿದ್ದರು. ಅಕ್ಕನಿಗೆ ಅದು ಚೊಚ್ಚಲ ಬಸಿರು. ಏಳನೆಯ ತಿಂಗಳಲ್ಲಿ ತವರಿನಲ್ಲಿ ಬಳೆ ತೊಡಿಸುವ ಶಾಸ್ತ್ರ. ಬಳೆಗಾರ ತಂದ ಹಸಿರು ಬಳೆ ಕೈಗೆ ಏರಲಿಲ್ಲ. ಹಿಂದಿನ ಗೌರಿಹಬ್ಬದಲ್ಲಿ ತೊಟ್ಟ ಅಳತೆಯೇ ಅದು. ದೊಡ್ಡ ಅಳತೆಯ ಬಳೆ ತರಿಸಿದರು. ತವರಿನ ತುಪ್ಪ ಮೈಗೆ ಹತ್ತಿದೆ ಎಂದು ನೆರೆದ ಮುತ್ತೈದೆಯರು ನಕ್ಕರು. ಕಾಲಿನ ಉಂಗುರವನ್ನೂ ಎಣ್ಣೆ ಹಚ್ಚಿ ತೆಗೆಯಬೇಕಾಯಿತು. ಆಮೇಲೆ ಅಕ್ಕ ತಲೆನೋವೆನ್ನುತ್ತಿದ್ದಳು, ಕಣ್ಣ ಮುಂದೆ ಮಿಂಚುಹುಳ ಹಾರಿದಂತಾಗುತ್ತದೆ ಎನ್ನುತ್ತಿದ್ದಳು. ದೃಷ್ಟಿ ತೆಗೆದರು. ಎಂಟು ತುಂಬುವ ಹೊತ್ತಿಗೆ ಒಂದು ಬೆಳಗಿನ ಜಾವ ಕೈಕಾಲು ಸೆಟೆಯಿತು, ಬಾಯಲ್ಲಿ ನೊರೆ ಬಂತು. ಮಂತ್ರದವರನ್ನು ಕರೆತರಲು ಹೋದವರು ಹಿಂತಿರುಗುವ ಮೊದಲೇ ಜೀವ ಹೋಗಿತ್ತು. ಸನ್ನಿ ಬಡಿಯಿತು ಮಗ, ಏನು ಮಾಡುವುದು, ಎಂದು ಅಜ್ಜಿ ಮಾತು ಮುಗಿಸಿದ್ದರು.

ಈ ನಿರೂಪಣೆಯನ್ನು ನಾನು ನಂಬಿಕೆಗಳು ಎಂಬ ಶೀರ್ಷಿಕೆಯ ಅಡಿಯಲ್ಲಿ, ಸನ್ನಿ ಮತ್ತು ದೃಷ್ಟಿದೋಷ ಎಂಬ ಉಪವಿಭಾಗಕ್ಕೆ ಸೇರಿಸಿದ್ದೆ. ವರ್ಷಗಳ ನಂತರ ಹೆರಿಗೆ ವಿಭಾಗದಲ್ಲಿ ದುಡಿದು ನಿವೃತ್ತರಾದ ದಾದಿಯೊಬ್ಬರು ಆ ಪುಟಗಳನ್ನು ಓದಿ, ಇದು ನಂಬಿಕೆಯಲ್ಲ, ಕೇಸ್ ಶೀಟು ಎಂದರು. ಕೈಗೆ ಬಾವು, ತಲೆನೋವು, ಕಣ್ಣು ಮಂಜಾಗುವುದು, ಕೊನೆಗೆ ಸೆಳವು. ಗರ್ಭನಂಜಿನ ಲಕ್ಷಣಗಳು ಅವು ಬರುವ ಅನುಕ್ರಮದಲ್ಲಿಯೇ ಅಜ್ಜಿಯ ಮಾತಿನಲ್ಲಿ ಉಳಿದಿದ್ದವು. ಬಾವು ಬಂದ ಮಾತ್ರಕ್ಕೆ ಗರ್ಭನಂಜೆಂದು ಹೇಳಲಾಗದು, ಅನೇಕ ಬಸುರಿಯರಿಗೆ ಕಾಲು ಊದುವುದುಂಟು. ರಕ್ತದ ಒತ್ತಡ ಏರಿದೆಯೇ, ಮೂತ್ರದಲ್ಲಿ ಪ್ರೋಟೀನು ಇದೆಯೇ ಎಂದು ನೋಡಬೇಕು. ನೋಡುವವರು ಇರಲಿಲ್ಲ. ಬಳೆಗಾರನ ಬಳೆಯೊಂದು ಮಾತ್ರ ಅಂದು ಆ ದೇಹವನ್ನು ಅಳೆದಿತ್ತು.

ಅಜ್ಜಿ ಸಾಕ್ಷ್ಯ ನುಡಿದಿದ್ದರು. ಅದನ್ನು ನಂಬಿಕೆಯೆಂದು ವರ್ಗೀಕರಿಸಿದ ತಪ್ಪು ನನ್ನದು. ಈ ತಪ್ಪು ನನ್ನೊಬ್ಬನದಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಆಶಯ, ವರ್ಗ, ಮಾದರಿಗಳನ್ನು ಹುಡುಕುವ ನಮ್ಮ ಶಿಸ್ತು ನಿರೂಪಕಿಯ ಕೊನೆಯ ವಾಕ್ಯಕ್ಕೆ ಹೆಚ್ಚು ಬೆಲೆ ಕೊಟ್ಟಿದೆ, ಅದಕ್ಕೆ ಮುಂಚಿನ ವಿವರಗಳನ್ನು ಹಿನ್ನೆಲೆಗೆ ಸರಿಸಿದೆ.

6

ಅದೇ ವಿವರಗಳನ್ನು ವೈದ್ಯಶಾಸ್ತ್ರ ಓದಲು ಕಲಿತ ಚರಿತ್ರೆಯೂ ಬಹಳ ಹಳೆಯದಲ್ಲ. ಸೆಳವು ಬಂದ ಬಸುರಿಯರ ಮೂತ್ರದಲ್ಲಿ ಪ್ರೋಟೀನು ಇರುವುದನ್ನು ಲಂಡನ್ನಿನ ಜಾನ್ ಲೀವರ್ ಗುರುತಿಸಿದ್ದು 1843ರಲ್ಲಿ. ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆಯುವ ಸಾಧನವನ್ನು ಇಟಲಿಯ ರಿವಾ-ರೋಚ್ಚಿ ರೂಪಿಸಿದ್ದು 1896ರಲ್ಲಿ. ಹೆರಿಗೆ ಮಾಡಿಸುವವರು ಕೈ ತೊಳೆದರೆ ಬಾಣಂತಿ ಜ್ವರ ತಗ್ಗುವುದೆಂದು ವಿಯೆನ್ನಾದ ಸೆಮ್ಮೆಲ್‌ವೈಸ್ 1847ರಲ್ಲಿ ತೋರಿಸಿದಾಗ ಅವನ ಸಮಕಾಲೀನ ವೈದ್ಯರಲ್ಲಿ ಬಹುಮಂದಿ ಒಪ್ಪಲಿಲ್ಲ. ಎಕ್ಲಾಂಪ್ಸಿಯಾದ ಸೆಳವನ್ನು ಹತೋಟಿಗೆ ತರಲು ಮೆಗ್ನೀಸಿಯಂ ಸಲ್ಫೇಟು ಉಳಿದ ಔಷಧಗಳಿಗಿಂತ ಮೇಲೆಂಬುದು ಹಲವು ದೇಶಗಳ ಪರೀಕ್ಷೆಯಿಂದ ಖಚಿತವಾದದ್ದು 1995ರಲ್ಲಿ. ಆದ್ದರಿಂದ ಹಳ್ಳಿಯ ಹೆಂಗಸರನ್ನು ಅಜ್ಞಾನಿಗಳೆಂದು ತೆಗಳುವುದು ನ್ಯಾಯವಲ್ಲ. ಅವರು ಸನ್ನಿ ಎನ್ನುತ್ತಿದ್ದ ಕಾಲದಲ್ಲಿ ಪಂಡಿತರ ತಿಳಿವಳಿಕೆಯೂ ಹಂತಹಂತವಾಗಿಯೇ ಬೆಳೆಯುತ್ತಿತ್ತು.

ನಮ್ಮಲ್ಲಿ ಹೆಂಗಸರಿಗೆ ಹೆಂಗಸರಿಂದಲೇ ವೈದ್ಯಕೀಯ ನೆರವು ಒದಗಿಸುವ ಉದ್ದೇಶದ ಲೇಡಿ ಡಫರಿನ್ ನಿಧಿ 1885ರಲ್ಲಿ ಆರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ತೆರೆಯಿತು. ಆದರೂ ಹಳ್ಳಿಗಳಲ್ಲಿ ಹೆರಿಗೆ ಬಹುಕಾಲ ಸೂಲಗಿತ್ತಿಯರ ಕೈಯಲ್ಲಿಯೇ ಉಳಿಯಿತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಪ್ರತಿಫಲ ಬಯಸದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು, ಅದೇ ವರ್ಷ ಡಿಸೆಂಬರ್ 25ರಂದು ಅವರು ನಿಧನರಾದರು. ಕೈಯಿಂದ ಮುಟ್ಟಿ ಮಗುವಿನ ನೆಲೆಯನ್ನು ತಿಳಿಯುವ ಸೂಲಗಿತ್ತಿಯ ಜ್ಞಾನ ದೊಡ್ಡದು. ಆದರೆ ರಕ್ತದ ಒತ್ತಡ ಬೆರಳಿಗೆ ಸಿಗುವುದಿಲ್ಲ. ಆ ಜ್ಞಾನವನ್ನು ಗೌರವಿಸುವುದಕ್ಕೂ ಅದರ ಎಲ್ಲೆಯನ್ನು ಒಪ್ಪುವುದಕ್ಕೂ ವಿರೋಧವಿಲ್ಲ.

2005ರ ಜನನಿ ಸುರಕ್ಷಾ ಯೋಜನೆ, 2007ರ ಮಡಿಲು ಯೋಜನೆ, 2008ರಲ್ಲಿ ಬಂದ 108 ಆಂಬುಲೆನ್ಸ್ ಸೇವೆ, ಆಶಾ ಕಾರ್ಯಕರ್ತೆಯರ ದುಡಿಮೆ ಇವುಗಳ ಫಲವಾಗಿ ಹೆರಿಗೆ ಆಸ್ಪತ್ರೆಗೆ ಸಾಗಿತು. ಮಾದರಿ ನೋಂದಣಿ ವ್ಯವಸ್ಥೆಯ ಅಂಕಿ-ಅಂಶಗಳಂತೆ 2001-03ರಲ್ಲಿ ಕರ್ನಾಟಕದಲ್ಲಿ ಪ್ರತಿ 1,00,000 ಸಜೀವ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ ಈ ಪ್ರಮಾಣ 69ಕ್ಕೆ ಇಳಿಯಿತು. ಸರಕಾರಿ ಯೋಜನೆಯೊಂದು ಮಡಿಲು ತುಂಬುವ ಜನಪದ ಆಚರಣೆಯಿಂದ ತನ್ನ ಹೆಸರನ್ನು ಪಡೆದದ್ದು ಜಾನಪದ ಅಧ್ಯಯನದ ದೃಷ್ಟಿಯಿಂದ ಅರ್ಥಪೂರ್ಣವಾದುದು.

7

ಆಸ್ಪತ್ರೆ ಸೇರಿದೊಡನೆ ನೋಡುವ ಕಣ್ಣೂ ದೊರೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವಾಗಿ ಕನ್ನಡ ನಾಡಿನ ಮಗಳೊಬ್ಬಳ ಸಾವು ನಮ್ಮ ಮುಂದಿದೆ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲೆಸಿದ್ದರು. 17 ವಾರಗಳ ಬಸುರಿಯಾಗಿದ್ದ ಅವರು 2012ರ ಅಕ್ಟೋಬರ್ 21ರಂದು ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಗೆ ದಾಖಲಾದರು. ಗರ್ಭ ಉಳಿಯದೆಂಬುದು ಸ್ಪಷ್ಟವಾಗಿದ್ದರೂ ಭ್ರೂಣದ ಹೃದಯಬಡಿತ ಇರುವವರೆಗೆ ಗರ್ಭಪಾತ ಮಾಡಲಾಗದೆಂದು ಅವರ ಕೋರಿಕೆಯನ್ನು ನಿರಾಕರಿಸಲಾಯಿತು. ಈ ನಡುವೆ ಸೋಂಕು ರಕ್ತಕ್ಕೇರಿತು. ಅಕ್ಟೋಬರ್ 28ರಂದು, 31ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸೋಂಕಿನ ಸೂಚನೆಗಳ ಮೇಲೆ ತಕ್ಕಷ್ಟು ನಿಗಾ ಇರಲಿಲ್ಲವೆಂದು 2013ರ ಜೂನ್ ತಿಂಗಳ ತನಿಖಾ ವರದಿ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರವು, ಜೀವ ಉಳಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವೆಂದು ಗುರುತಿಸಿತು.

ಅಜ್ಜಿಯ ಅಕ್ಕನ ದೇಹವನ್ನು ಅಳೆಯುವ ಸಾಧನವೇ ಆ ಊರಿನಲ್ಲಿರಲಿಲ್ಲ. ಸವಿತಾ ಅವರ ಹಾಸಿಗೆಯ ಸುತ್ತ ಎಲ್ಲ ಸಾಧನಗಳೂ ಇದ್ದವು. ಅಲ್ಲಿಯೂ ಕಾನೂನಿನ ಅಂಜಿಕೆ ಮತ್ತು ಅಜಾಗರೂಕತೆ ಕಣ್ಣಿಗೆ ಅಡ್ಡಬಂದವು. ಆದರೆ ಮುಂದೆ ನಡೆದದ್ದು ಬೇರೆ. ಈ ಸಾವನ್ನು ವಿಧಿಯೆಂದು ಒಪ್ಪಲು ಅವರ ಮನೆಯವರೂ ಐರ್ಲೆಂಡಿನ ಜನರೂ ಸಿದ್ಧರಿರಲಿಲ್ಲ. ಬಸುರಿಯರ ಸ್ಥಿತಿ ಹದಗೆಡುವುದನ್ನು ಬೇಗ ಗುರುತಿಸುವ ರಾಷ್ಟ್ರೀಯ ಮುನ್ನೆಚ್ಚರಿಕೆ ಪದ್ಧತಿ 2013ರಲ್ಲಿಯೇ ಅಲ್ಲಿ ಜಾರಿಗೆ ಬಂದಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಮತದಾರರು ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ತೆಗೆಯಲು ಒಪ್ಪಿದರು. ಡಬ್ಲಿನ್ ನಗರದ ಗೋಡೆಯೊಂದರ ಮೇಲೆ ಬಿಡಿಸಿದ್ದ ಸವಿತಾ ಅವರ ಚಿತ್ರದ ಸುತ್ತ ಜನ ಸಾಲುಗಟ್ಟಿ ಚೀಟಿಗಳನ್ನು ಅಂಟಿಸಿದರು, ಹೂವಿಟ್ಟರು. ತನ್ನ ಹೊರೆ ಇಳಿಸಲಾಗದೆ ಸತ್ತವಳ ಹೆಸರಿನಲ್ಲಿ ಅನ್ಯರ ಹೊರೆ ಇಳಿಸುವ ಕಲ್ಲಿನ ಆಶಯ ದೂರದ ನಾಡಿನಲ್ಲಿ ಹೀಗೆ ಮರುರೂಪ ಪಡೆಯಿತೆಂದು ಹೇಳಿದರೆ ತಪ್ಪಾಗಲಾರದು.

8

ಒಂದೊಂದು ಸಾವಿನ ಕಾರಣವನ್ನೂ ಕೇಳಿ ತಿಳಿಯುವ ವ್ಯವಸ್ಥೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1952ರಿಂದ ರಾಷ್ಟ್ರಮಟ್ಟದಲ್ಲಿ ನಡೆದುಬಂದಿದೆ. ಭಾರತ ಸರ್ಕಾರ 2010ರಲ್ಲಿ ತಾಯಿ ಮರಣ ಪರಿಶೀಲನೆಯ ಮಾರ್ಗಸೂಚಿಗಳನ್ನು ಹೊರಡಿಸಿತು. ಅದರಂತೆ ಆರೋಗ್ಯ ಕಾರ್ಯಕರ್ತರು ಸತ್ತವಳ ಮನೆಗೆ ಹೋಗಿ, ಏನಾಯಿತು, ಯಾವಾಗ ಶುರುವಾಯಿತು, ಯಾರು ಏನು ಹೇಳಿದರು, ಎಲ್ಲಿಗೆ ಕರೆದೊಯ್ದರು, ದಾರಿಯಲ್ಲಿ ಎಷ್ಟು ಹೊತ್ತಾಯಿತು ಎಂದು ಮನೆಯವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ಜಾನಪದ ಸಂಶೋಧಕನಿಗೆ ಈ ಕೆಲಸ ಹೊಸದೇನಲ್ಲ. ಜಗಲಿಯಲ್ಲಿ ಕುಳಿತು, ಅವಸರಪಡಿಸದೆ, ನಿರೂಪಕರ ಮಾತನ್ನು ಅವರ ಪದಗಳಲ್ಲಿಯೇ ಉಳಿಸಿಕೊಳ್ಳುವ ವಿದ್ಯೆ ನಮ್ಮದು. ಕಾರ್ಯಕರ್ತೆಯ ಅರ್ಜಿಯಲ್ಲಿ ಸನ್ನಿ ಎಂಬ ಪದಕ್ಕೆ ಅಂಕಣವಿಲ್ಲದಿದ್ದರೆ ಆ ಪದದ ಹಿಂದಿರುವ ಲಕ್ಷಣಗಳನ್ನು ಬಿಡಿಸಿ ತೋರುವ ಹೊಣೆಯನ್ನು ಜಾನಪದ ಅಧ್ಯಯನ ಹೊರಬಹುದು.

ಇಷ್ಟು ಪರಿಶೀಲನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ನಮ್ಮ ವಿಶ್ವವಿದ್ಯಾಲಯಗಳ ಮತ್ತು ಸಂಗ್ರಹಾಲಯಗಳ ಕಪಾಟುಗಳಲ್ಲಿ ನಂಬಿಕೆಗಳು ಎಂಬ ಹೆಸರಿನ ಕೆಳಗೆ ಮಲಗಿರುವ ಬಸುರಿ-ಬಾಣಂತಿಯರ ಸಾವಿನ ನಿರೂಪಣೆಗಳನ್ನು ಸಾಕ್ಷ್ಯಗಳೆಂದು ಪರಿಗಣಿಸಿ ಮತ್ತೊಮ್ಮೆ ಓದಬೇಕಾಗಿದೆ. ಎರಡನೆಯದಾಗಿ, ಸೀಮಂತ, ಕುಬಸ, ಬಳೆ ತೊಡಿಸುವ ಶಾಸ್ತ್ರಗಳು ಬಸುರಿಯ ದೇಹವನ್ನು ಹಲವು ಕಣ್ಣುಗಳು ಒಟ್ಟಿಗೆ ನೋಡುವ ಸಂದರ್ಭಗಳು. ನೋಡುವ ಆ ರೂಢಿಯನ್ನು ಕಟ್ಟಿಕೊಟ್ಟವರು ಜನಪದರು, ಕಂಡದ್ದಕ್ಕೆ ಅರ್ಥ ಹೇಳುವ ತಿಳಿವಳಿಕೆ ಇಂದು ಆಶಾ ಕಾರ್ಯಕರ್ತೆಯ ಬಳಿಯೂ ತಾಯಿ ಕಾರ್ಡಿನಲ್ಲಿಯೂ ಇದೆ. ಇವೆರಡೂ ಕೂಡಿದಲ್ಲಿ, ಬಳೆ ಕೈಗೆ ಏರದ ದಿನ ನೆರೆದ ಹೆಂಗಸರು ನಕ್ಕು ಸುಮ್ಮನಾಗದೆ ಬಸುರಿಯನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅಜ್ಜಿಯ ಅಕ್ಕನ ಹೆಸರಿನಲ್ಲಿ ಯಾವ ಕಲ್ಲೂ ನಿಂತಿಲ್ಲ. ಅವಳ ಸಾವನ್ನು ನಾನು ಈಗ ನಂಬಿಕೆಗಳ ವಿಭಾಗದಿಂದ ತೆಗೆದು, ಚರಿತ್ರೆ ಎಂಬ ಶೀರ್ಷಿಕೆಯ ಅಡಿಯಲ್ಲಿ ಸೇರಿಸಿದ್ದೇನೆ.